ಕಥೆ ಗೊತ್ತಿದ್ದೂ ನೋಡುವ ಧಾರಾವಾಹಿಗಳು

(ಕಾರ್ಕಳದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಹಳೆಯ ದೂರದರ್ಶನ ಧಾರಾವಾಹಿಗಳ ಬಗ್ಗೆ ಮಾತನಾಡಲು ಹೋಗುತ್ತಿದ್ದೇನೆ ಎಂದಾಗ ಕಚೇರಿಯ ಹಿರಿಯರೊಬ್ಬರು ನಕ್ಕರು. ‘ನೀನು ಹುಟ್ಟುವ ಮೊದಲೇ ಮುಗಿದುಹೋದವಲ್ಲವಾ ಅವು? ನೀನೇನು ಹೇಳುವುದು?’ ಎಂದರು. ಮಾತು ಸರಿಯೇ. ‘ಮಾಲ್ಗುಡಿ ಡೇಸ್’ ಮೊದಲ ಬಾರಿ ಬಂದಾಗ ನಾನಿರಲಿಲ್ಲ. ‘ಗುಡ್ಡದ ಭೂತ’ ಬಂದಾಗಲೂ ಇರಲಿಲ್ಲ. ಆದರೆ ಒಂದು ಅನುಕೂಲವಿದೆ. ಆ ಕಾಲದ ಸವಿನೆನಪು ನನಗಿಲ್ಲ. ಅಮ್ಮನಿಗೆ, ಅಜ್ಜಿಗೆ ಅದು ಎರಡನೆಯ ಸಲದ ನೋಟ. ಪಕ್ಕದಲ್ಲಿ ಕುಳಿತ ನನಗೆ ಮೊದಲನೆಯದು. ಯಾವುದು ಹಿಂದಿನಂತೆಯೇ ಹಿಡಿದು ಕೂರಿಸುತ್ತದೆ, ಯಾವುದು ಸೋಲುತ್ತದೆ ಎಂದು ಅವರ ಮುಖ ನೋಡಿಕೊಂಡೇ ನಾನು ತಿಳಿದುಕೊಂಡೆ.

ಶುರುವಾದದ್ದು 2020ರ ಮಾರ್ಚ್ ಕೊನೆಗೆ. ಆಗ ಮಣಿಪಾಲದಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದ ನಾನು ಲಾಕ್‌ಡೌನಿನಿಂದಾಗಿ ಕಾಪುವಿನ ಮನೆಯಲ್ಲಿ ಉಳಿದುಬಿಟ್ಟೆ. ಮಾರ್ಚ್ 28ರಿಂದ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ದ ಮರುಪ್ರಸಾರ, ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಅದು ವಿಶ್ವದಾಖಲೆ ಎಂಬ ಮಾತಿಗೆ ಆಮೇಲೆ ಆಕ್ಷೇಪಗಳೂ ಬಂದವು, ಅದಿರಲಿ. ಆ 7.7 ಕೋಟಿಯಲ್ಲಿ ನಮ್ಮ ಅಜ್ಜಿಯೂ ಒಬ್ಬರು.

1987ರ ಜನವರಿಯಿಂದ 1988ರ ಜುಲೈವರೆಗೆ, ಭಾನುವಾರ ಬೆಳಿಗ್ಗೆ, ಇದೇ ಧಾರಾವಾಹಿಯನ್ನು ಅಜ್ಜಿ ನೆರೆಮನೆಯ ಟಿ.ವಿ.ಯಲ್ಲಿ ನೋಡಿದ್ದರು. ಅವರಿಗೆ ಹಿಂದಿ ಒಂದಕ್ಷರ ಬಾರದು, ಬರಬೇಕಾದ ಅಗತ್ಯವೂ ಇರಲಿಲ್ಲ. ಈ ಸಲ ನೋಡುವಾಗ ನನಗೆ ವಿಚಿತ್ರ ಕಂಡದ್ದೇನೆಂದರೆ, ಯುದ್ಧ ಬಂದಾಗ ಅಜ್ಜಿ ನಿದ್ದೆ ಹೋಗುತ್ತಿದ್ದರು. ಆಕಾಶದಲ್ಲಿ ಎರಡು ಬಾಣ ಎದುರುಬದುರಾಗಿ ಬಂದು ಢಿಕ್ಕಿ ಹೊಡೆದು ಬೆಂಕಿ ಕಾರುವ ದೃಶ್ಯವಿದೆಯಲ್ಲ, ಅಂದು ಇಡೀ ದೇಶ ಬಾಯಿಬಿಟ್ಟು ನೋಡಿದ್ದು, ಅದಕ್ಕೆ ಅಜ್ಜಿಯ ಗೊರಕೆಯೇ ಹಿನ್ನೆಲೆ ಸಂಗೀತ. ಆದರೆ ಭರತ ಅಣ್ಣನನ್ನು ಹುಡುಕಿಕೊಂಡು ಕಾಡಿಗೆ ಬರುವ ಕಂತುಗಳಿಗೆ ಎಚ್ಚರವಾಗಿದ್ದರು. ಮಂಥರೆ ಮಾತನಾಡುವಾಗಲಂತೂ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಯಾಕೆ ಅಜ್ಜಿ ಎಂದು ಕೇಳಿದೆ. ‘ಬಾಣ ಬಿಡುವುದನ್ನು ಎಷ್ಟು ಸಲ ನೋಡುವುದು ಮಗಾ? ಇವಳು ಹೇಗೆ ಮನೆ ಮುರಿಯುತ್ತಾಳೆ ನೋಡು’ ಎಂದರು.

ಇಂದು ನಾನು ಹೇಳಬೇಕಾದದ್ದರ ಬಹುಪಾಲು ಆ ಒಂದು ಮಾತಿನಲ್ಲೇ ಇದೆ. ಬಾಣದ ಚಮತ್ಕಾರ ಹೊಸದಾಗಿದ್ದಷ್ಟು ದಿನ ಚಮತ್ಕಾರ. ಇಂದು ಅದಕ್ಕಿಂತ ಒಳ್ಳೆಯ ಬಾಣವನ್ನು ನಿಮ್ಮ ತಮ್ಮ ಮೊಬೈಲಿನಲ್ಲೇ ಬಿಟ್ಟಾನು. ಮನೆ ಮುರಿಯುವ ಮಾತು ಮಾತ್ರ ಹಳತಾಗಿಲ್ಲ.

ಇದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಥೆ ಗೊತ್ತಿದ್ದೂ ಮತ್ತೆ ನೋಡುವುದನ್ನು ನಾವು ಟಿ.ವಿ.ಯಿಂದ ಕಲಿತದ್ದಲ್ಲ. ಯಕ್ಷಗಾನದ ಆಟಕ್ಕೆ ಹೋಗುವವರಲ್ಲಿ ‘ವಾಲಿ ಕೊನೆಗೆ ಏನಾಗುತ್ತಾನೆ’ ಎಂಬ ಕುತೂಹಲದಿಂದ ಹೋಗುವವರು ಒಬ್ಬರಾದರೂ ಇದ್ದಾರೆಯೇ? ವಾಲಿ ಸಾಯುತ್ತಾನೆ. ಹೋದ ವರ್ಷವೂ ಸತ್ತಿದ್ದ, ಬರುವ ವರ್ಷವೂ ಸಾಯುತ್ತಾನೆ. ಸಾಯುವ ಮುನ್ನ ರಾಮನಿಗೆ ಯಾವ ಪ್ರಶ್ನೆ ಹಾಕುತ್ತಾನೆ, ಇಂದಿನ ರಾಮ ಅದಕ್ಕೆ ಏನು ಉತ್ತರ ಕೊಡುತ್ತಾನೆ ಎಂದು ಕೇಳಲು ಜನ ಚಾಪೆ ಹಿಡಿದುಕೊಂಡು ಹೋಗುತ್ತಿದ್ದರು. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಧ್ವನಿಮುದ್ರಿಕೆಗಳನ್ನು ಈಗಲೂ ಹಾಕಿಕೊಂಡು ಕೇಳುವವರು ನಮ್ಮೂರಿನಲ್ಲಿದ್ದಾರೆ. ಮುಂದಿನ ವಾಕ್ಯ ಬಾಯಿಪಾಠವಾಗಿದ್ದರೂ ಅದು ಬರುವಾಗ ತಲೆದೂಗುತ್ತಾರೆ.

ಧಾರಾವಾಹಿ ಬೆಳೆದದ್ದು ಇದಕ್ಕೆ ತದ್ವಿರುದ್ಧವಾದ ನಂಬಿಕೆಯ ಮೇಲೆ. ಮುಂದೇನಾಯಿತು ಎಂಬ ಕುತೂಹಲವೇ ಅದರ ಬಂಡವಾಳ. ಕಂತು ಮುಗಿಯುವಾಗ ಬಾಗಿಲು ತಟ್ಟುವ ಸದ್ದು, ತೆರೆದವಳ ಬೆಚ್ಚಿದ ಮುಖ, ‘ಮುಂದುವರಿಯುವುದು’. ಮರುನೋಟದಲ್ಲಿ ಆ ಬಂಡವಾಳ ಪೂರ್ತಿ ಕರಗಿಹೋಗಿರುತ್ತದೆ. ಬಾಗಿಲ ಆಚೆ ಇರುವವನು ಹಾಲಿನವನು ಎಂದು ನಿಮಗೆ ಗೊತ್ತು. ಆಗಲೂ ನೀವು ಏಳದೆ ಕೂತರೆ ಆ ಧಾರಾವಾಹಿಯಲ್ಲಿ ಬೇರೇನೋ ಇದೆ.

‘ಮಾಲ್ಗುಡಿ ಡೇಸ್’ ತೆಗೆದುಕೊಳ್ಳಿ. ಶಂಕರ್ ನಾಗ್ ನಿರ್ದೇಶನ, ಟಿ.ಎಸ್. ನರಸಿಂಹನ್ ನಿರ್ಮಾಣ. ಮೊದಲ ಪ್ರಸಾರ 1986ರ ಆಸುಪಾಸಿನಲ್ಲಿ. ಇಲ್ಲಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿಯ ಹದಿನಾಲ್ಕು ತಿರುವು ಹತ್ತಿದರೆ ಆಗುಂಬೆ; ಆರ್.ಕೆ. ನಾರಾಯಣರ ಕಲ್ಪನೆಯ ಊರು ನೆಲಕ್ಕಿಳಿದದ್ದು ಅಲ್ಲಿ. ರೈಲೇ ಇಲ್ಲದ ಆಗುಂಬೆಗೆ ರೈಲು ನಿಲ್ದಾಣ ಬೇಕಾದಾಗ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣಕ್ಕೆ ಹೋದರು. ಆ ಹಳೆಯ ನಿಲ್ದಾಣ ಈಗ ಮಾಲ್ಗುಡಿ ಹೆಸರಿನ ವಸ್ತು ಸಂಗ್ರಹಾಲಯ. ಶೀರ್ಷಿಕೆಗೆ ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ ಸಂಗೀತ. ಆ ರಾಗವನ್ನು ಇಲ್ಲಿ ಗುನುಗಬಲ್ಲವರು ನಿಮ್ಮಲ್ಲೇ ಅರ್ಧ ಜನ ಇದ್ದೀರಿ, ಧಾರಾವಾಹಿಯ ಒಂದು ಕಂತು ನೋಡದಿದ್ದರೂ.

ಅದರಲ್ಲಿ ಒಂದು ಅಂಚೆಯವನ ಕಥೆ ಇದೆ. ಹೆಸರು ತಾನಪ್ಪ. ಮನೆಮನೆಯ ಸುಖದುಃಖ ಬಲ್ಲವನು, ಪತ್ರ ಕೊಡುವುದರ ಜೊತೆಗೆ ಕೂತು ಮಾತನಾಡಿ ಹೋಗುವವನು. ಒಂದು ಮನೆಯ ಹುಡುಗಿಗೆ ಕಷ್ಟಪಟ್ಟು ಸಂಬಂಧ ಕೂಡಿಬರುತ್ತದೆ. ಮದುವೆ ಆ ದಿನವೇ ಆಗಬೇಕು, ತಪ್ಪಿದರೆ ಸಂಬಂಧವೇ ಕೈಬಿಟ್ಟುಹೋಗುತ್ತದೆ. ಮದುವೆ ಆಗುತ್ತದೆ. ಕೆಲವು ದಿನ ಕಳೆದು ತಾನಪ್ಪ ಒಂದು ಪತ್ರ ಮತ್ತು ತಂತಿ ತಂದುಕೊಡುತ್ತಾನೆ. ಮನೆಯ ಹಿರಿಯರೊಬ್ಬರ ಕಾಯಿಲೆಯ, ಸಾವಿನ ಸುದ್ದಿ. ಮದುವೆ ನಿಲ್ಲಬಾರದೆಂದು ಅವನು ಅದನ್ನು ಹಿಡಿದಿಟ್ಟುಕೊಂಡಿದ್ದ.

ಮೊದಲ ಸಲ ನೋಡಿದಾಗ ನನ್ನ ಕಣ್ಣು ಮದುವೆಯ ಮೇಲಿತ್ತು. ಕೊನೆಗೆ ಪೆಟ್ಟು ತಿಂದೆ. ಎರಡನೆಯ ಸಲ ನಾನು ನೋಡಿದ್ದು ತಾನಪ್ಪನನ್ನು ಮಾತ್ರ. ಚೀಲದಲ್ಲಿ ಸಾವಿನ ಸುದ್ದಿ ಇಟ್ಟುಕೊಂಡು ಮದುವೆಮನೆಯ ಗಡಿಬಿಡಿಯ ನಡುವೆ ಓಡಾಡುವ ಮನುಷ್ಯ! ಅದೇ ದೃಶ್ಯ, ಅದೇ ನಗು, ಆದರೆ ಈಗ ಅದು ಬೇರೆ ಕಥೆ. ಅವನು ಮಾಡಿದ್ದು ಸರಿಯೇ ಎಂದು ನಮ್ಮ ಮನೆಯಲ್ಲಿ ಊಟ ಮುಗಿಯುವವರೆಗೂ ವಾದ ನಡೆಯಿತು. ಅಮ್ಮ ಸರಿ ಎಂದರು. ಅಜ್ಜಿ ಒಪ್ಪಲಿಲ್ಲ, ‘ಸೂತಕ ಮುಚ್ಚಿಟ್ಟದ್ದು’ ಎಂದರು. ಗುಟ್ಟು ಬಯಲಾದ ಮೇಲೆ ಹೆಚ್ಚು ಹಿಡಿಸುವಂತೆ ಕಟ್ಟಿದ ಕಥೆ ಅದು. ಇನ್ನೊಂದರಲ್ಲಿ, ಅಪ್ಪನ ಸವಾಲಿಗೆ ಸಿಕ್ಕಿ ಒಬ್ಬನೇ ಕಚೇರಿ ಕೋಣೆಯಲ್ಲಿ ಮಲಗಬೇಕಾದ ಸ್ವಾಮಿ ಕತ್ತಲಲ್ಲಿ ಕಳ್ಳನ ಕಾಲು ಕಚ್ಚುತ್ತಾನೆ. ಕಳ್ಳ ಬರುತ್ತಾನೆಂದು ತಿಳಿದ ಮೇಲೆ ನಿಮ್ಮ ಗಮನ ಮಾಸ್ಟರ್ ಮಂಜುನಾಥ್ ಅಜ್ಜಿಯ ಮಗ್ಗುಲಿಗೆ ನುಸುಳುವ ರೀತಿಗೆ, ಅಪ್ಪನಾದ ಗಿರೀಶ ಕಾರ್ನಾಡರ ಗಾಂಭೀರ್ಯಕ್ಕೆ ಹೋಗುತ್ತದೆ.

ಹಾಗೆಂದು ಅಲ್ಲಿ ಎಲ್ಲವೂ ಚೆನ್ನಾಗಿದೆ ಎನ್ನಲಾರೆ. ತಮಿಳು ಸೊಗಡಿನ ಊರಿನ ಕಥೆ, ಮಲೆನಾಡಿನ ಬೀದಿ, ಕನ್ನಡದ ನಟರು, ಬಾಯಲ್ಲಿ ಹಿಂದಿ. ಈ ಕಲಬೆರಕೆ ಕೆಲವು ಕಡೆ ಕಿವಿಗೆ ಚುಚ್ಚುತ್ತದೆ. ಆದರೆ ನಿರ್ದೇಶಕನಿಗೆ ಅವಸರವಿಲ್ಲ. ಒಬ್ಬ ಮನುಷ್ಯ ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು ಬರುವಷ್ಟು ಹೊತ್ತು ಕ್ಯಾಮೆರಾ ಕಾಯುತ್ತದೆ. ಹಂಚಿನ ಮಾಡು, ಜಗಲಿ, ಅಂಗಳ ಎಲ್ಲ ಕಾಣುವುದಕ್ಕೆ ನಮಗೂ ಸಮಯ ಸಿಗುತ್ತದೆ.

ಇನ್ನು ನಮ್ಮ ಕರಾವಳಿಯದೇ ಆದ ‘ಗುಡ್ಡದ ಭೂತ’. 1990ರ ಆಸುಪಾಸಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದದ್ದು. ನಿರ್ದೇಶಕರು ಮೂಲ್ಕಿಯ ಸದಾನಂದ ಸುವರ್ಣ. ‘ಘಟಶ್ರಾದ್ಧ’ದ ನಿರ್ಮಾಪಕರು ಇವರೇ ಎಂಬುದು ನಿಮಗೆ ಗೊತ್ತಿರಬಹುದು, 2024ರಲ್ಲಿ ತೀರಿಕೊಂಡರು. ಇನ್ನೂ ಹೆಸರು ಮಾಡಿರದ ಪ್ರಕಾಶ್ ರೈ ಅದರಲ್ಲಿದ್ದರು. ಅದರ ಶೀರ್ಷಿಕೆಗೀತೆಯ ‘ಡೆನ್ನಾನ’ ಸೊಲ್ಲನ್ನು ಮುಂದೆ 2015ರಲ್ಲಿ ‘ರಂಗಿತರಂಗ’ ಚಿತ್ರದವರು ಹೊಸದಾಗಿ ಹಾಡಿಸಿದಾಗ, ಬೆಂಗಳೂರಿನ ಹುಡುಗರಿಗೆ ಅದು ಹೊಸ ಹಾಡು. ನಮ್ಮ ಅಮ್ಮಂದಿರಿಗೆ ಬೆನ್ನುಹುರಿಯಲ್ಲಿ ಚಳಿ.

ಅಮ್ಮನ ತವರು ಇಲ್ಲೇ ಕಾರ್ಕಳದ ಹತ್ತಿರ. ಆಗ ಅವರಿಗೆ ಹದಿನೈದು ವರ್ಷ. ಕಂತು ಮುಗಿದ ಮೇಲೆ ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕುವ ಕೆಲಸ ಯಾರದ್ದು ಎಂದು ಅಕ್ಕತಂಗಿಯರಲ್ಲಿ ಜಗಳವಂತೆ. ಇದನ್ನೆಲ್ಲ ಕೇಳಿ ಕೇಳಿ ನಾನು ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನು ಹಾಕಿ, ದೀಪ ಆರಿಸಿ, ಅಮ್ಮನನ್ನು ಕೂರಿಸಿದೆ. ಹೆದರಿಕೆ ಬರಲಿಲ್ಲ. ನನಗೂ ಇಲ್ಲ, ಅವರಿಗೂ ಇಲ್ಲ. ಅಮ್ಮನಿಗೆ ಸ್ವಲ್ಪ ಬೇಸರವೇ ಆಯಿತು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರು ಕಥೆ ಬಿಟ್ಟು ಬೇರೆ ಏನೇನೋ ನೋಡತೊಡಗಿದ್ದರು. ಗುಡ್ಡದ ಬೋಳು ನೆತ್ತಿ, ಹುಲ್ಲು, ಕಾಲುದಾರಿ. ‘ಆಗ ಗುಡ್ಡ ಎಂದರೆ ಹೀಗೇ ಇತ್ತು, ರಬ್ಬರ್ ಇರಲಿಲ್ಲ’ ಎಂದರು. ಮಾತಿನ ರಾಗ ಕೇಳಿ, ‘ಟಿ.ವಿ.ಯಲ್ಲಿ ನಮ್ಮ ಹಾಗೆ ಮಾತನಾಡುತ್ತಾರೆ ಎಂದೇ ಎಲ್ಲರೂ ಓಡಿ ಬರುತ್ತಿದ್ದದ್ದು’ ಎಂದರು. ಹೆದರಿಕೆಗೆಂದು ಕಟ್ಟಿದ ಧಾರಾವಾಹಿಯಲ್ಲಿ ಮೂವತ್ತು ವರ್ಷದ ಮೇಲೆ ಉಳಿದುಕೊಂಡದ್ದು ಹೆದರಿಕೆಯಲ್ಲ, ಗುಡ್ಡ. ಸುವರ್ಣರು ಕ್ಯಾಮೆರಾವನ್ನು ಸ್ಟುಡಿಯೊದಿಂದ ಹೊರಗೆ ತಂದದ್ದರಿಂದ ಅದು ಸಿಕ್ಕಿತು.

ನಗೆಯ ಧಾರಾವಾಹಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ಹೆಸರು ಹೇಳಿದರೆ ಹಿರಿಯರು ಈಗಲೂ ನಗುತ್ತಾರೆ. ನಾನು ಬೆಳೆದದ್ದು ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೋಡಿಕೊಂಡು. ‘ಸಿಲ್ಲಿ ಲಲ್ಲಿ’ಯ ಸಮಾಜ ಸೇವಕಿ ಲಲಿತಾಂಬ, ಡಾಕ್ಟರ್ ವಿಠ್ಠಲ ರಾವ್ ಈಗ ಮೊಬೈಲಿನಲ್ಲಿ ತುಣುಕು ತುಣುಕಾಗಿ ಬರುತ್ತಾರೆ, ತುಣುಕಾಗಿ ಚೆನ್ನ. ಇಡೀ ಕಂತು ಹಾಕಿ ಕೂತರೆ ನಡುನಡುವೆ ಮುಜುಗರ. ದಪ್ಪಗಿರುವುದಕ್ಕೆ, ಕಪ್ಪಗಿರುವುದಕ್ಕೆ ನಗುವ ಕಾಲ ಅದು. ನಾವೂ ನಕ್ಕಿದ್ದೇವೆ.

ದಿನದಿನದ ಧಾರಾವಾಹಿಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ದೂರದರ್ಶನದ ಕಾಲದಲ್ಲಿ ಸಾಮಾನ್ಯವಾಗಿ ಹದಿಮೂರು ಕಂತಿಗೆ ಮಂಜೂರಾತಿ. ಕಥೆಯ ಕೊನೆ ಎಲ್ಲಿ ಎಂದು ಬರೆಯುವವನಿಗೆ ಮೊದಲೇ ಗೊತ್ತಿರುತ್ತಿತ್ತು. ಖಾಸಗಿ ವಾಹಿನಿಗಳು ಬಂದ ಮೇಲೆ ಜನ ನೋಡುವಷ್ಟು ದಿನ ಕಥೆ ಎಳೆಯುವ ಪದ್ಧತಿ ಬಂತು. ಇಂದಿನ ಕಂತು ಚಿತ್ರೀಕರಣವಾಗುವಾಗ ನಾಡಿದ್ದಿನ ಮಾತು ಇನ್ನೂ ಕಾಗದದ ಮೇಲೆ ಬಂದಿರುವುದಿಲ್ಲ. ಸತ್ತವರು ಎದ್ದು ಬರುತ್ತಾರೆ. ನಟಿ ಬಿಟ್ಟುಹೋದರೆ ಮರುದಿನ ಅದೇ ಸೊಸೆಗೆ ಬೇರೆ ಮುಖ. ಒಂದು ಕೆನ್ನೆಪೆಟ್ಟು ಬಿದ್ದರೆ ಮನೆಯ ಎಂಟೂ ಜನರ ಮುಖವನ್ನು ಮೂರು ಮೂರು ಸಲ ತೋರಿಸುತ್ತಾರೆ, ಪ್ರತಿ ಮುಖಕ್ಕೂ ಒಂದು ಗುಡುಗು. ಸಾವಿರ ಕಂತಿನ ಧಾರಾವಾಹಿಯನ್ನು ಮೊದಲಿಂದ ಮತ್ತೆ ನೋಡಿದವರನ್ನು ನಾನಿನ್ನೂ ಭೇಟಿಯಾಗಿಲ್ಲ. ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಆಮೇಲೆ ಸಿಗಿ, ನನಗೆ ಸುದ್ದಿ ಆಯಿತು.

ಇದಕ್ಕೆ ಹೊರತಾಗಿರುವುದು ‘ಮಾಯಾಮೃಗ’. 1998ರಲ್ಲಿ ಬಂದದ್ದು, ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ಅದೂ ದಿನದಿನದ್ದೇ, ಅದೂ ಉದ್ದವೇ. ಸಂಜೆಯ ಚಹಾದ ಹೊತ್ತು ಎಂದರೆ ಅದರ ಹೊತ್ತು ಎಂದು ಅಮ್ಮ ಹೇಳುತ್ತಾರೆ. ನಾನು ಇಡೀ ನೋಡಿಲ್ಲ, ನೋಡಿದೆನೆಂದು ಸುಳ್ಳು ಹೇಳಲಾರೆ. ನೋಡಿದಷ್ಟರಲ್ಲಿ ಬೆಳಕು ಮಂಕು, ಗೋಡೆಗಳು ಬೋಳು. ಆದರೆ ಅಲ್ಲಿಯ ಜನ ಮಾತನಾಡುವಾಗ ಎದುರಿನವರು ಕೇಳಿಸಿಕೊಳ್ಳುತ್ತಾರೆ. ಕೆಟ್ಟವರಲ್ಲದವರೂ ಒಬ್ಬರಿಗೊಬ್ಬರು ನೋವು ಕೊಡುತ್ತಾರೆ, ಅದು ಯಾಕೆಂದು ಅವರಿಗೇ ತಿಳಿಯುವುದಿಲ್ಲ. 2022ರಲ್ಲಿ ‘ಮತ್ತೆ ಮಾಯಾಮೃಗ’ ಎಂದು ಮುಂದಿನ ತಲೆಮಾರಿನ ಕಥೆಯನ್ನು ಶುರುಮಾಡುವ ಧೈರ್ಯ ಬಂದದ್ದು ಜನ ಹಳೆಯದನ್ನು ಮರೆತಿರಲಿಲ್ಲ ಎಂಬ ಕಾರಣಕ್ಕೇ ಇರಬೇಕು.

ಇಲ್ಲಿ ನನಗೊಂದು ತೊಡಕು ಎದುರಾಯಿತು. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಧಾರಾವಾಹಿ ಮಾಡಿದ ‘ಗೃಹಭಂಗ’ವನ್ನು ಮನೆಯಲ್ಲಿ ಹಾಕಲು ಹೋದೆ. ನಂಜಮ್ಮನಾಗಿ ಮಾಳವಿಕಾ. ನನ್ನ ಲೆಕ್ಕದಲ್ಲಿ ಕನ್ನಡ ಕಿರುತೆರೆಯ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಅಜ್ಜಿ ಬೇಡವೆಂದರು. ‘ಒಮ್ಮೆ ನೋಡಿದ್ದೇನೆ. ಪ್ಲೇಗಿನಲ್ಲಿ ಆ ಮಕ್ಕಳು ಹೋಗುವುದನ್ನು ಇನ್ನೊಮ್ಮೆ ನೋಡಲಾರೆ. ಚೆನ್ನಾಗಿಲ್ಲವೆಂದಲ್ಲ.’ ಹೊರಗೆ ಕೊರೊನಾ ಇತ್ತು, ನಾನು ಒತ್ತಾಯಿಸಲಿಲ್ಲ. ಮತ್ತೆ ನೋಡಿಸಿಕೊಳ್ಳುವುದೊಂದೇ ಒಳ್ಳೆಯತನದ ಅಳತೆಯಲ್ಲ ಎಂದು ಅಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಒಂದೇ ಸಲ ನೋಡಿ ಮೂವತ್ತು ವರ್ಷ ಹೊತ್ತುಕೊಂಡು ತಿರುಗುವಂಥವೂ ಇವೆ.

ಈಗ ಒಂದು ಕ್ಯಾಸೆಟ್ಟಿನ ಕಥೆ. ಮತ್ತೆ ನೋಡಬೇಕಾದರೆ ಮೊದಲು ಅದು ಉಳಿದಿರಬೇಕಲ್ಲ.

ನಮ್ಮ ಅತ್ತೆಯ ಮದುವೆಯ ವಿಡಿಯೊ ಕ್ಯಾಸೆಟ್ ಒಂದಿದೆ. ಅಪ್ಪನ ತಂಗಿ ಅವರು. ದುಬೈಯಲ್ಲಿದ್ದ ದೊಡ್ಡಪ್ಪ ಮದುವೆಗೆ ಬರುವಾಗ ವಿ.ಸಿ.ಆರ್. ತಂದಿದ್ದರು, ಊರಿಗೇ ಹೊಸತು. ಮದುವೆಯ ಚಿತ್ರ ಊಟದ ಪಂಕ್ತಿಗೆ ಬರುತ್ತದೆ. ಬಾಳೆಲೆಯ ಸಾಲು, ಅಜ್ಜ ಪಾಯಸದ ಬಕೆಟ್ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಾರೆ. ಕ್ಯಾಮೆರಾದವನ ದೀಪ ಕಣ್ಣಿಗೆ ಹೊಡೆದು ತಲೆಯೆತ್ತುತ್ತಾರೆ, ಏನೋ ಹೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ತೆರೆಯ ಮೇಲೆ ಗೆರೆಗಳು ಓಡಿ, ‘ಗುಡ್ಡದ ಭೂತ’ ಶುರು! ಹತ್ತು ಹನ್ನೆರಡು ನಿಮಿಷ ಧಾರಾವಾಹಿ, ಆಮೇಲೆ ಥಟ್ಟನೆ ಅತ್ತೆ ಅಳುತ್ತಾ ಕಾರು ಹತ್ತುತ್ತಾರೆ.

ಆದದ್ದಿಷ್ಟು. ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚಕ್ಕೆ ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ದಾಖಲಾಗುವುದಿಲ್ಲ. ಮದುವೆಯ ಸ್ಟುಡಿಯೊದವರು ಮುರಿದೇ ಕೊಟ್ಟಿದ್ದರು. ಯಂತ್ರದ ಕಾರುಬಾರು ತೋರಿಸುವ ಉತ್ಸಾಹದಲ್ಲಿ, ಕೈಗೆ ಸಿಕ್ಕಿದ ಕ್ಯಾಸೆಟ್ಟಿನ ಆ ತೂತಿಗೆ ದೊಡ್ಡಪ್ಪ ಟೇಪು ಅಂಟಿಸಿದರು. ಹೊಸ ಚಿತ್ರ ಕೂರುವ ಮೊದಲು ಯಂತ್ರ ಹಳೆಯದನ್ನು ಪೂರ್ತಿ ಅಳಿಸಿಹಾಕುತ್ತದೆ. ಹಾಗಾಗಿ ಕೆಳಗಿನ ಪದರದಲ್ಲಿ ಅಜ್ಜ ಇನ್ನೂ ಇದ್ದಾರೆ ಎಂದುಕೊಳ್ಳುವಂತಿಲ್ಲ. ಉಡುಪಿಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವವರೊಬ್ಬರನ್ನು ಕೇಳಿದೆ. ತಲೆಯಾಡಿಸಿಬಿಟ್ಟರು.

ನಾನು ಹುಟ್ಟುವ ಮುಂಚೆಯೇ ಅಜ್ಜ ತೀರಿಕೊಂಡರು. ಅವರು ನಡೆದಾಡುವುದು ನಾನು ಕಂಡದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ದೊಡ್ಡಪ್ಪ ಈ ವಿಷಯ ಬಂದಾಗ ಈಗಲೂ ಎದ್ದು ಹೊರಗೆ ಹೋಗುತ್ತಾರೆ.

ಇದನ್ನು ನಮ್ಮ ಮನೆಯ ದಡ್ಡತನವೆಂದು ನಗಬೇಡಿ. ದೊಡ್ಡ ದೊಡ್ಡ ಸಂಸ್ಥೆಗಳು ಮಾಡಿದ್ದೂ ಇದನ್ನೇ. ಟೇಪು ದುಬಾರಿ, ಕಪಾಟಿನಲ್ಲಿ ಜಾಗವಿಲ್ಲ, ಪ್ರಸಾರವಾದ ಮೇಲೆ ಅದನ್ನು ಮತ್ತೆ ಯಾರು ಕೇಳುತ್ತಾರೆ ಎಂಬ ಲೆಕ್ಕ. ಬ್ರಿಟನ್ನಿನ ಬಿ.ಬಿ.ಸಿ. ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಕಂತುಗಳನ್ನು ಹೀಗೆಯೇ ಅಳಿಸಿಹಾಕಿ, ಸುಮಾರು ನೂರು ಕಂತುಗಳನ್ನು ಕಳೆದುಕೊಂಡಿತು. ಆದರೆ ಆ ಕಂತುಗಳ ಧ್ವನಿ ಉಳಿದಿದೆ. ಉಳಿಸಿದವರು ಬಿ.ಬಿ.ಸಿ.ಯವರಲ್ಲ, ಮನೆಯಲ್ಲಿ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಹುಡುಗರು.

ನಮ್ಮಲ್ಲೂ ಅಂಥವರು ಇದ್ದಿರಲೇಬೇಕು. ಗಲ್ಫಿನಿಂದ, ಮುಂಬಯಿಯಿಂದ ವಿ.ಸಿ.ಆರ್. ಬಂದ ಮನೆಗಳು ಕಾಪುವಿನಿಂದ ಕಾರ್ಕಳದವರೆಗೆ ಕಡಿಮೆಯೇ? ನಿಮ್ಮ ಮನೆಯ ಅಟ್ಟದಲ್ಲಿ, ಮದುವೆ, ಗೃಹಪ್ರವೇಶ ಎಂದು ಬರೆದ ಪೆಟ್ಟಿಗೆಯೊಳಗೆ, ಯಾವುದೋ ಆಟ, ಯಾವುದೋ ನಾಟಕ, ಬೇರೆಲ್ಲೂ ಸಿಗದ ಯಾವುದೋ ಕಂತು ಇರಬಹುದು. ಜಪಾನಿನ ಫುನಾಯ್ ಕಂಪೆನಿ 2016ರಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರವಿಲ್ಲ, ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಟೇಪೂ ಹೋಗುತ್ತದೆ, ಯಂತ್ರವೂ ಹಾಳಾಗುತ್ತದೆ. ಮೊದಲು ಗೊತ್ತಿದ್ದವರಿಂದ ಸ್ವಚ್ಛ ಮಾಡಿಸಿ. ನಮ್ಮ ಕ್ಯಾಸೆಟ್ಟಿಗೆ ಆ ಕೆಲಸ ಮಾಡಿಸಲು ಕೆಲವು ನೂರು ರೂಪಾಯಿ ಹಿಡಿಯಿತು.

ಪೆನ್‌ಡ್ರೈವಿನಲ್ಲಿ ಈಗ ಮದುವೆಯೂ ಇದೆ, ಧಾರಾವಾಹಿಯ ತುಂಡೂ ಇದೆ. ತುಂಡನ್ನು ಕತ್ತರಿಸಿ ತೆಗೆಯಬೇಕೇ ಎಂದು ಅಂಗಡಿಯವರು ಕೇಳಿದ್ದರು. ಮನೆಗೆ ಫೋನ್ ಮಾಡಿದೆ. ಅಜ್ಜಿ ಬೇಡವೆಂದರು. ಹೋದ ವಾರ ಮತ್ತೆ ಹಾಕಿಸಿಕೊಂಡು ನೋಡಿದರು. ಪಾಯಸದ ಬಕೆಟ್ ಬರುವಾಗ, ‘ಅವರು ಬಾಯಿ ತೆರೆದದ್ದು ನನ್ನನ್ನು ಕರೆಯಲು. ಒಳಗೆ ಪಾಯಸ ಇನ್ನೂ ಇದೆಯಾ ಎಂದು ಕೇಳಲು’ ಎಂದರು. ಹಿಂದಿನ ಸಲ ಕೇಳಿದಾಗ ಬೇರೆ ಏನೋ ಹೇಳಿದ್ದರು. ನಾನು ಅದನ್ನೂ ಬರೆದಿಟ್ಟುಕೊಂಡಿದ್ದೇನೆ.

ನನ್ನ ಮಾತು ಇಷ್ಟೇ. ಕಾಪುವಿಗೆ ಹೋಗುವ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ, ಕೇಳುವುದಿದ್ದರೆ ಕೇಳಿ.